ಕ್ವಾಂಟಮ್ ಲಿಂಕ್ ಕಟ್ಟುವುದು ಹೇಗೆ? ಎಂಜಿನಿಯರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಲೇಸರ್ ಇದೆ, ಡಿಟೆಕ್ಟರ್ ಇದೆ, ನಡುವೆ ಫೈಬರ್ ಇದೆ. ಎಲ್ಲ ಜೋಡಿಸಿ ಆನ್ ಮಾಡಿದರೆ ಪರದೆಯ ಮೇಲೆ ತಪ್ಪು ಬಿಟ್‌ಗಳ ಪ್ರಮಾಣ ಶೇ. 40 ಎಂದು ಬರುತ್ತದೆ. ಈಗ ಯಾವುದನ್ನು ಅನುಮಾನಿಸುವುದು? ಲೇಸರನ್ನೋ, ಗಡಿಯಾರವನ್ನೋ, ಕೋಡನ್ನೋ?

ಕ್ವಾಂಟಮ್ ಸಂವಹನಕ್ಕೆ ಹೊಸದಾಗಿ ಕೈ ಹಾಕಿದ ಎಂಜಿನಿಯರ್‌ಗಳು ಬಹುತೇಕ ಇಲ್ಲೇ ಸಿಕ್ಕಿಬೀಳುತ್ತಾರೆ. ಭೌತಶಾಸ್ತ್ರ ಗೊತ್ತಿಲ್ಲ ಅಂತಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಬೆಳಕನ್ನು ಒಂದೊಂದು ಫೋಟಾನ್ ಮಟ್ಟಕ್ಕೆ ಇಳಿಸಿದ ಮೇಲೆ ಸ್ಕೋಪ್‌ನಲ್ಲಿ ಏನೂ ಕಾಣುವುದಿಲ್ಲ. ಆಗ ಐದು ದೋಷಗಳು ಒಟ್ಟಿಗೆ ಇದ್ದರೆ ಬಿಡಿಸುವುದು ಕಷ್ಟ. ಹಾಗಾಗಿ ಇಲ್ಲಿ ಪ್ರತಿ ಮುಖ್ಯ ಹಂತಕ್ಕೂ ಒಂದು ಪರೀಕ್ಷೆ ಕೊಟ್ಟಿದ್ದೇನೆ. ಅದರಲ್ಲಿ ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

ನಾವು ಕಟ್ಟುವುದು ಬಿಬಿ84 ವಿಧಾನದ (ಬಿಟ್ ಕಳಿಸುವ ಎರಡು ಬಗೆಗಳಲ್ಲಿ ಪ್ರತಿ ಸಲ ಒಂದನ್ನು ರ್‍ಯಾಂಡಮ್ ಆಗಿ ಆರಿಸುವ ವಿಧಾನ) ಕ್ವಾಂಟಮ್ ಕೀ ಹಂಚಿಕೆ ಲಿಂಕ್. ಮಾಧ್ಯಮ ಫೈಬರ್. ಮೂಲ ಸಾಮಾನ್ಯ ಲೇಸರ್, ತುಂಬಾ ಮಂದ ಮಾಡಿದ್ದು. ಬಿಟ್ ತುಂಬುವುದು ಪಲ್ಸ್‌ಗಳ ನಡುವಿನ ಫೇಸ್‌ನಲ್ಲಿ. ಕಳಿಸುವವರು ಆಲಿಸ್, ಪಡೆಯುವವರು ಬಾಬ್, ಕದಿಯುವವರು ಈವ್. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಹೆಸರುಗಳೇ.

## ಶುರು ಮಾಡುವ ಮೊದಲು

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಈ ಲಿಂಕ್ ನಿಮ್ಮ ಡೇಟಾ ಕಳಿಸುವುದಿಲ್ಲ. ಎರಡೂ ಕಡೆ ಒಂದೇ ರೀತಿಯ ಗುಪ್ತ ಕೀ ಹುಟ್ಟಿಸುತ್ತದೆ, ಅಷ್ಟೆ. ಡೇಟಾ ಎಂದಿನಂತೆ ಸಾಮಾನ್ಯ ನೆಟ್‌ವರ್ಕ್‌ನಲ್ಲಿ, ಆ ಕೀ ಬಳಸಿ ಗೂಢಲಿಪಿಯಾಗಿ ಹೋಗುತ್ತದೆ. "ಫೋಟಾನ್ ಮೇಲೆ ಫೈಲ್ ಕಳಿಸಬಹುದಾ?" ಎಂದು ಕೇಳುವವರು ಜಾಸ್ತಿ. ಕಳಿಸಬಾರದು. ದಾರಿಯಲ್ಲಿ ಬಹುಪಾಲು ಫೋಟಾನ್‌ಗಳು ಕಳೆದೇ ಹೋಗುತ್ತವೆ. ಕೀಗೆ ಅದು ತೊಂದರೆಯಲ್ಲ, ಮುಟ್ಟಿದ ಬಿಟ್‌ಗಳನ್ನು ಮಾತ್ರ ಇಟ್ಟುಕೊಂಡರಾಯಿತು. ಫೈಲ್‌ಗೆ ಹಾಗೆ ನಡೆಯುವುದಿಲ್ಲ.

ಭೌತಶಾಸ್ತ್ರದಲ್ಲಿ ಸದ್ಯಕ್ಕೆ ಮೂರು ಮಾತು ಸಾಕು. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದು. ಬಿಟ್ ತುಂಬುವ ಮತ್ತು ಅಳೆಯುವ ಎರಡು ಬಗೆಗಳಿಗೆ ಬೇಸಿಸ್ ಎನ್ನುತ್ತಾರೆ; ಸರಿಯಾದ ಬೇಸಿಸ್‌ನಲ್ಲಿ ಅಳೆದರೆ ಕಳಿಸಿದ ಬಿಟ್ಟೇ ಸಿಗುತ್ತದೆ, ತಪ್ಪು ಬೇಸಿಸ್‌ನಲ್ಲಿ ಅಳೆದರೆ ಉತ್ತರ ನಾಣ್ಯ ಚಿಮ್ಮಿದ ಹಾಗೆ. ಅಳೆದ ಮೇಲೆ ಮೊದಲಿನ ಸ್ಥಿತಿ ಹೋಯಿತು. ಉಳಿದದ್ದೆಲ್ಲ ಆಪ್ಟಿಕ್ಸ್, ಎಲೆಕ್ಟ್ರಾನಿಕ್ಸ್ ಮತ್ತು ಕೋಡಿಂಗ್.

ಬೇಕಾದ ಸಾಮಾನು: 1550 ನ್ಯಾನೋಮೀಟರ್ ಪಲ್ಸ್ ಲೇಸರ್, ಫೇಸ್ ಮಾಡ್ಯುಲೇಟರ್ ಎರಡು, ಇಂಟೆನ್ಸಿಟಿ ಮಾಡ್ಯುಲೇಟರ್ ಒಂದು, ಎರಡು ಅಸಮ ತೋಳಿನ (ಬೆಳಕನ್ನು ಸೀಳಿ ಬೇರೆ ಬೇರೆ ಉದ್ದದ ಎರಡು ದಾರಿಯಲ್ಲಿ ಕಳಿಸಿ ಮತ್ತೆ ಸೇರಿಸುವ) ಮಾಕ್-ಜೆಂಡರ್ ಇಂಟರ್‌ಫೆರೋಮೀಟರ್, ಅಟೆನ್ಯುಯೇಟರ್‌ಗಳು, ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡುವುದು), ಸಿಂಗಲ್ ಫೋಟಾನ್ ಡಿಟೆಕ್ಟರ್ ಎರಡು, ಟೈಮ್ ಟ್ಯಾಗರ್ (ಡಿಟೆಕ್ಟರ್ ಸಂಕೇತ ಬಂದ ಸಮಯ ದಾಖಲಿಸುವುದು), ಪವರ್ ಮೀಟರ್, ಓಟಿಡಿಆರ್ (ಪಲ್ಸ್ ಬಿಟ್ಟು ಹಿಂತಿರುಗುವ ಬೆಳಕಿನಿಂದ ಫೈಬರ್‌ನ ಉದ್ದ ಮತ್ತು ನಷ್ಟ ಅಳೆಯುವ ಉಪಕರಣ), ಹಾರ್ಡ್‌ವೇರ್ ರ್‍ಯಾಂಡಮ್ ನಂಬರ್ ಜನರೇಟರ್. ಜೊತೆಗೆ ಕನೆಕ್ಟರ್ ಒರೆಸುವ ಕಿಟ್. ಕೊನೆಯದನ್ನು ತಮಾಷೆಗೆ ಹೇಳಿದ್ದಲ್ಲ.

## ಹಂತ 1: ಕಾಗದದ ಮೇಲೆ ಲಿಂಕ್ ಬಜೆಟ್

ಏನನ್ನೂ ಕೊಳ್ಳುವ ಮೊದಲು ಲೆಕ್ಕ ಹಾಕಿ. 1550 ನ್ಯಾನೋಮೀಟರ್‌ನಲ್ಲಿ ಒಳ್ಳೆಯ ಸಿಂಗಲ್ ಮೋಡ್ ಫೈಬರ್‌ನ ನಷ್ಟ ಕಿಲೋಮೀಟರ್‌ಗೆ ಸುಮಾರು 0.2 ಡಿಬಿ. ಸಾಮಾನ್ಯ ಫೈಬರ್ ಸಂವಹನದಲ್ಲಿ ನಷ್ಟವಾದದ್ದನ್ನು ಆಂಪ್ಲಿಫೈಯರ್ ತುಂಬಿಕೊಡುತ್ತದೆ. ಇಲ್ಲಿ ಆ ದಾರಿ ಇಲ್ಲ. ನಕಲು ಮಾಡಲಾಗದು ಎಂದಮೇಲೆ ಆಂಪ್ಲಿಫೈ ಮಾಡಲೂ ಆಗದು.

ಒಂದು ಉದಾಹರಣೆ. ಪಲ್ಸ್ ದರ 100 ಮೆಗಾಹರ್ಟ್ಸ್. ಒಂದು ಪಲ್ಸ್‌ಗೆ ಸರಾಸರಿ 0.5 ಫೋಟಾನ್; ಈ ಸರಾಸರಿಯನ್ನು ಮ್ಯೂ ಎನ್ನುತ್ತಾರೆ. ದೂರ 50 ಕಿಲೋಮೀಟರ್, ಅಂದರೆ 10 ಡಿಬಿ. ಬಾಬ್‌ನ ಪೆಟ್ಟಿಗೆಯೊಳಗೆ 6 ಡಿಬಿ. ಡಿಟೆಕ್ಟರ್ ದಕ್ಷತೆ ಶೇ. 20. ಎಲ್ಲ ಗುಣಿಸಿದರೆ ಒಂದು ಪಲ್ಸ್‌ಗೆ ಕ್ಲಿಕ್ (ಡಿಟೆಕ್ಟರ್ ಫೋಟಾನ್ ಗುರುತಿಸಿದ ಸಂಕೇತ) ಬರುವ ಸಾಧ್ಯತೆ 0.0025. ಸೆಕೆಂಡಿಗೆ 2.5 ಲಕ್ಷ ಕ್ಲಿಕ್.

ಖುಷಿಪಡಬೇಡಿ, ಡೆಡ್ ಟೈಮ್ ಇನ್ನೂ ಸೇರಿಸಿಲ್ಲ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಿಟೆಕ್ಟರ್ ಒಮ್ಮೆ ಕ್ಲಿಕ್ ಆದ ಮೇಲೆ ಸ್ವಲ್ಪ ಹೊತ್ತು ಕುರುಡಾಗಿರುತ್ತದೆ. ಅದನ್ನು 10 ಮೈಕ್ರೋಸೆಕೆಂಡ್ ಅಂದುಕೊಳ್ಳಿ. ಒಂದೊಂದು ಡಿಟೆಕ್ಟರ್‌ಗೆ 1.25 ಲಕ್ಷ ಬರಬೇಕಾದಲ್ಲಿ ಸುಮಾರು 55 ಸಾವಿರ ಮಾತ್ರ ಸಿಗುತ್ತದೆ. ಎರಡೂ ಸೇರಿ 1.1 ಲಕ್ಷ. ಬೇಸಿಸ್ ಹೊಂದದ ಅರ್ಧವನ್ನು ಬಿಸಾಡಿದರೆ ಉಳಿಯುವುದು ಸುಮಾರು 55 ಸಾವಿರ ಬಿಟ್. ಕಡಿಮೆ ದೂರದಲ್ಲಿ ಕೀ ದರವನ್ನು ತಡೆಯುವುದು ಫೈಬರ್ ಅಲ್ಲ, ಡೆಡ್ ಟೈಮ್. ಇದನ್ನು ಮರೆತು ಪಲ್ಸ್ ದರ ಹೆಚ್ಚಿಸುತ್ತಾ ಹೋಗುವವರು ಬಹಳ.

ದೂರ ಹೆಚ್ಚಾದರೆ ಕಥೆ ತಿರುಗುತ್ತದೆ. ಆಗ ಕಾಡುವುದು ಡಾರ್ಕ್ ಕೌಂಟ್, ಅಂದರೆ ಫೋಟಾನ್ ಇಲ್ಲದೆ ಸುಮ್ನೆ ಬರುವ ಕ್ಲಿಕ್. ಪ್ರತಿ ಪಲ್ಸ್‌ಗೆ ಡಿಟೆಕ್ಟರ್ ತೆರೆದಿರುವ ಚಿಕ್ಕ ಅವಧಿಗೆ ಗೇಟ್ ಎನ್ನುತ್ತಾರೆ. ಪ್ರತಿ ಡಿಟೆಕ್ಟರ್‌ನ ಒಂದು ಗೇಟ್‌ಗೆ ಹತ್ತು ಲಕ್ಷಕ್ಕೆ 1 ಎಂದು ಹಿಡಿಯಿರಿ. ಆ ಕ್ಲಿಕ್‌ಗಳಲ್ಲಿ ಅರ್ಧ ತಪ್ಪು ಬಿಟ್ ಕೊಡುತ್ತವೆ. ಮೇಲಿನದೇ ಲಿಂಕ್‌ನಲ್ಲಿ ಇದರಿಂದ ಬರುವ ತಪ್ಪು 50 ಕಿಲೋಮೀಟರ್‌ಗೆ ಶೇ. 0.04. 100 ಕಿಲೋಮೀಟರ್‌ಗೆ ಶೇ. 0.4. 150ಕ್ಕೆ ಶೇ. 3.7. 170ಕ್ಕೆ ಶೇ. 8.4. 200ಕ್ಕೆ ಶೇ. 22. ನಿಧಾನವಾಗಿ ಏರುವುದಲ್ಲ, ಒಂದು ದೂರ ದಾಟಿದ ಮೇಲೆ ಲಿಂಕ್ ಧಡಾರನೆ ಬೀಳುತ್ತದೆ. ನಿಮ್ಮ ದೂರ ಆ ಅಂಚಿಗೆ ಹತ್ತಿರವಿದ್ದರೆ ಆಪ್ಟಿಕ್ಸ್ ಎಷ್ಟು ತಿದ್ದಿದರೂ ಪ್ರಯೋಜನ ಕಡಿಮೆ. ಡಿಟೆಕ್ಟರ್ ಬದಲಿಸಿ, ಇಲ್ಲವೇ ದೂರ ಇಳಿಸಿ.

ಪರೀಕ್ಷೆ: ಲೆಕ್ಕದಲ್ಲಿ ಡಾರ್ಕ್ ಕೌಂಟ್‌ನ ತಪ್ಪು ಶೇ. 2 ದಾಟಿದರೆ ಇಲ್ಲೇ ನಿಂತು ವಿನ್ಯಾಸ ಬದಲಿಸಿ.

## ಹಂತ 2: ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಓಡಿಸಿ

ಹಾರ್ಡ್‌ವೇರ್ ಬರುವ ತನಕ ಕೋಡ್ ಬರೆಯಿರಿ. ಇದಕ್ಕೆ ಕ್ವಾಂಟಮ್ ಸರ್ಕ್ಯೂಟ್ ಲೈಬ್ರರಿ ಬೇಕಾಗಿಲ್ಲ, ಪೈಥಾನ್ ಮತ್ತು ನಂಪೈ ಸಾಕು. ಆಲಿಸ್‌ನ ಬಿಟ್, ಆಲಿಸ್‌ನ ಬೇಸಿಸ್, ಬಾಬ್‌ನ ಬೇಸಿಸ್: ಮೂರು ರ್‍ಯಾಂಡಮ್ ಸಾಲು. ಬೇಸಿಸ್ ಒಂದೇ ಆದರೆ ಬಾಬ್‌ಗೆ ಅದೇ ಬಿಟ್, ಇಲ್ಲದಿದ್ದರೆ ರ್‍ಯಾಂಡಮ್ ಬಿಟ್. ಆಮೇಲೆ ನಷ್ಟ, ಡಾರ್ಕ್ ಕೌಂಟ್, ಡೆಡ್ ಟೈಮ್ ಒಂದೊಂದಾಗಿ ಸೇರಿಸಿ.

ಕೋಡ್ ಸರಿ ಇದೆಯಾ ಎಂದು ತಿಳಿಯಲು ಈ ಸಂಖ್ಯೆಗಳನ್ನು ನೋಡಿ. ಗದ್ದಲ (ನಾಯ್ಸ್) ಇಲ್ಲ, ಈವ್ ಇಲ್ಲ: ಬಿಟ್‌ಗಳಲ್ಲಿ ಅರ್ಧ ಉಳಿಯಬೇಕು, ತಪ್ಪು ಸೊನ್ನೆ. ಈವ್ ಎಲ್ಲ ಪಲ್ಸ್‌ಗಳನ್ನೂ ಹಿಡಿದು ಅಳೆದು ಮತ್ತೆ ಕಳಿಸಿದರೆ: ತಪ್ಪು ಶೇ. 25. ಈವ್ ಐದರಲ್ಲಿ ಒಂದನ್ನು ಮಾತ್ರ ಮುಟ್ಟಿದರೆ: ಶೇ. 5.

ಇಲ್ಲೊಂದು ಬಲೆ ಇದೆ. ಈವ್ ಇಲ್ಲದೆಯೂ ಶೇ. 25 ಬರಬಹುದು. ಬೇಸಿಸ್ ಹೋಲಿಸಿ ಬೇರೆ ಮಾಡುವುದನ್ನು ಮರೆತರೆ ಅರ್ಧ ಬಿಟ್‌ಗಳು ಸರಿ, ಇನ್ನರ್ಧದಲ್ಲಿ ಅರ್ಧ ತಪ್ಪು. ಸರಾಸರಿ ಅದೇ 25. ಈವ್‌ಳೂ ಇದ್ದು ಬೇರೆ ಮಾಡುವುದೂ ಮರೆತಿದ್ದರೆ ಶೇ. 37.5 ಬರುತ್ತದೆ. ಈ ಸಂಖ್ಯೆಗಳನ್ನು ಬರೆದು ಗೋಡೆಗೆ ಅಂಟಿಸಿ. ಮುಂದೆ ಲ್ಯಾಬ್‌ನಲ್ಲಿ ಇವೇ ಕೈಹಿಡಿಯುತ್ತವೆ.

## ಹಂತ 3: ಫೈಬರ್ ನೋಡಿಕೊಳ್ಳಿ

ಓಟಿಡಿಆರ್ ಹಾಕಿ ಪೂರ್ತಿ ದಾರಿ ನೋಡಿ. ನಕ್ಷೆಯಲ್ಲಿರುವ ದೂರವನ್ನು ನಂಬಬೇಡಿ, ಫೈಬರ್ ಯಾವತ್ತೂ ಅದಕ್ಕಿಂತ ಉದ್ದ. ನಡುವೆ ಎಲ್ಲೂ ಆಂಪ್ಲಿಫೈಯರ್ ಅಥವಾ ರೀಜನರೇಟರ್ ಇರಬಾರದು. ಆಪ್ಟಿಕಲ್ ಸ್ವಿಚ್ ಇದ್ದರೆ ಪರವಾಗಿಲ್ಲ, ಅದರ ನಷ್ಟವನ್ನು ಬಜೆಟ್‌ಗೆ ಸೇರಿಸಿ. ಕನೆಕ್ಟರ್‌ಗಳನ್ನು ಒರೆಸಿ, ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಆಮೇಲೆ ಮತ್ತೆ ನಷ್ಟ ಅಳೆಯಿರಿ. ಓಟಿಡಿಆರ್ ಪಲ್ಸ್ ತುಂಬಾ ಬಲವಾಗಿರುತ್ತದೆ. ಫೋಟಾನ್ ಡಿಟೆಕ್ಟರ್ ಜೋಡಿಸಿರುವಾಗ ಅದನ್ನು ಆನ್ ಮಾಡಿದರೆ ಡಿಟೆಕ್ಟರ್ ಸುಟ್ಟುಹೋಗಬಹುದು.

ಅದೇ ಫೈಬರ್‌ನಲ್ಲಿ ಸಾಮಾನ್ಯ ಡೇಟಾವೂ ಹೋಗಬೇಕು ಅಂತಾದರೆ ಎಚ್ಚರ. 1 ಮಿಲಿವ್ಯಾಟ್‌ನ ಒಂದು ಡೇಟಾ ಚಾನೆಲ್, ನಮ್ಮ ಕ್ವಾಂಟಮ್ ಸಿಗ್ನಲ್‌ಗಿಂತ 82 ಡಿಬಿ ಬಲವಾದದ್ದು. ಫಿಲ್ಟರ್ ಹಾಕಿದರೂ ರಾಮನ್ ಚದುರುವಿಕೆಯಿಂದ (ಚದುರುವಾಗ ಬೆಳಕಿನ ತರಂಗಾಂತರವೇ ಬದಲಾಗುವುದು) ಹುಟ್ಟುವ ಬೆಳಕು ನಮ್ಮ ತರಂಗಾಂತರದಲ್ಲೇ ಬಂದು ಕೂರುತ್ತದೆ. ಅದನ್ನು ಯಾವ ಫಿಲ್ಟರೂ ತೆಗೆಯಲಾರದು. ಕ್ವಾಂಟಮ್ ಸಿಗ್ನಲನ್ನು 1310 ನ್ಯಾನೋಮೀಟರ್‌ಗೆ ಸಾಗಿಸುವುದು ಒಂದು ಉಪಾಯ. ಆದರೆ ಅಲ್ಲಿ ನಷ್ಟ ಕಿಲೋಮೀಟರ್‌ಗೆ ಸುಮಾರು 0.35 ಡಿಬಿ. ಮೊದಲ ಲಿಂಕ್‌ಗೆ ಯಾರೂ ಬಳಸದ ಖಾಲಿ ಫೈಬರನ್ನೇ ಕೇಳಿ ಪಡೆಯಿರಿ. ಮಿಕ್ಕ ಸಾಹಸ ಆಮೇಲೆ.

## ಹಂತ 4: ಜೋರು ಬೆಳಕಿನಲ್ಲೇ ಇಂಟರ್‌ಫೆರೋಮೀಟರ್ ಹೊಂದಿಸಿ

ಅತಿ ಹೆಚ್ಚು ಜನ ದಾಟಿಬಿಡುವ ಹಂತ ಇದು. ನೇರ ಮಂದ ಬೆಳಕಿಗೆ ಹಾರುತ್ತಾರೆ, ಆಮೇಲೆ ವಾರಗಟ್ಟಲೆ ಕತ್ತಲಲ್ಲಿ ತಡಕಾಡುತ್ತಾರೆ. ಅಟೆನ್ಯುಯೇಟರ್ ತೆಗೆದಿಡಿ. ಫೋಟಾನ್ ಡಿಟೆಕ್ಟರ್‌ಗಳನ್ನು ಬಿಚ್ಚಿ ದೂರ ಇಡಿ. ಅವುಗಳ ಜಾಗದಲ್ಲಿ ಸಾಮಾನ್ಯ ವೇಗದ ಫೋಟೋಡಯೋಡ್ ಹಾಕಿ, ಸ್ಕೋಪ್‌ನಲ್ಲಿ ನೋಡಿ.

ಆಲಿಸ್‌ನ ಇಂಟರ್‌ಫೆರೋಮೀಟರ್ ಒಂದು ಪಲ್ಸನ್ನು ಎರಡು ಮಾಡುತ್ತದೆ. ಬಾಬ್‌ನದು ಅವೆರಡನ್ನೂ ಮತ್ತೆ ಸೀಳುತ್ತದೆ. ಕೊನೆಗೆ ಮೂರು ಪಲ್ಸ್ ಕಾಣಬೇಕು. ನಡುವಿನದರಲ್ಲಿ ಮಾತ್ರ ಇಂಟರ್‌ಫೆರೆನ್ಸ್ ಆಗುತ್ತದೆ. ಪಕ್ಕದ ಎರಡರಲ್ಲಿ ಅರ್ಧ ಬೆಳಕು ವ್ಯರ್ಥ. ಬಜೆಟ್‌ನಲ್ಲಿ ಬಾಬ್‌ಗೆ ಹಾಕಿದ 6 ಡಿಬಿಯಲ್ಲಿ 3 ಡಿಬಿ ಇದೇ.

ಎರಡೂ ಕಡೆಯ ತೋಳಿನ ವ್ಯತ್ಯಾಸ ಒಂದೇ ಆಗಿರಬೇಕು. ಪಲ್ಸ್ ಅಗಲ 100 ಪಿಕೋಸೆಕೆಂಡ್ ಆದರೆ ಫೈಬರ್ ಉದ್ದದಲ್ಲಿ 1 ಮಿಲಿಮೀಟರ್ ತಪ್ಪು, ಅಂದರೆ ಸುಮಾರು 5 ಪಿಕೋಸೆಕೆಂಡ್, ನಡೆಯುತ್ತದೆ. 1 ಸೆಂಟಿಮೀಟರ್ ನಡೆಯುವುದಿಲ್ಲ. ಪಲ್ಸ್‌ಗಳು ಅರ್ಧಂಬರ್ಧ ಮಾತ್ರ ಒಂದರ ಮೇಲೊಂದು ಕೂರುತ್ತವೆ.

ಈಗ ಫೇಸ್ ಮಾಡ್ಯುಲೇಟರ್‌ನ ವೋಲ್ಟೇಜ್ ನಿಧಾನವಾಗಿ ಬದಲಿಸಿ. ನಡುವಿನ ಪಲ್ಸ್ ಏರಿ ಇಳಿಯಬೇಕು. ಗರಿಷ್ಠ ಮತ್ತು ಕನಿಷ್ಠದ ಅನುಪಾತ 100ಕ್ಕೆ 1 ಬಂದರೆ ವಿಸಿಬಿಲಿಟಿ (ಗರಿಷ್ಠ, ಕನಿಷ್ಠಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು) ಶೇ. 98. ತಪ್ಪಿನ ಪ್ರಮಾಣ ಎಂದರೆ 100ರಿಂದ ವಿಸಿಬಿಲಿಟಿ ಕಳೆದು ಉಳಿದದ್ದರ ಅರ್ಧ, ಅಂದರೆ ಇಲ್ಲಿ ಶೇ. 1. ಇದು ಒಳ್ಳೆಯ ಅಂಕ.

ವಿಸಿಬಿಲಿಟಿ ಕಡಿಮೆ ಬಂದರೆ ಈ ಕ್ರಮದಲ್ಲಿ ಹುಡುಕಿ. ಮೊದಲು ಪೋಲರೈಸೇಶನ್: ಎರಡು ತೋಳಿನಿಂದ ಬಂದ ಬೆಳಕಿನ ಪೋಲರೈಸೇಶನ್ ಬೇರೆಯಾದರೆ ಇಂಟರ್‌ಫೆರೆನ್ಸ್ ಆಗುವುದಿಲ್ಲ. ಇಂಟರ್‌ಫೆರೋಮೀಟರ್ ಒಳಗೆ ಪೋಲರೈಸೇಶನ್ ಕಾಪಾಡುವ ಫೈಬರ್ ಬಳಸಿ. ಆಮೇಲೆ ಎರಡು ದಾರಿಯ ಬಲ ಸಮ ಇದೆಯಾ ನೋಡಿ. ಕೊನೆಗೆ ಉದ್ದ. ಬಹಳಷ್ಟು ಜನ ಉದ್ದದಿಂದಲೇ ಶುರುಮಾಡಿ ಸುಮ್ನೆ ಫೈಬರ್ ಕತ್ತರಿಸುತ್ತಾರೆ.

ಬಿಸಿ ತಣ್ಣಗಿನ ವಿಷಯ ಇನ್ನೂ ಇದೆ. ತೋಳಿನ ವ್ಯತ್ಯಾಸ 1 ನ್ಯಾನೋಸೆಕೆಂಡ್ ಅಂದರೆ ಸುಮಾರು 20 ಸೆಂಟಿಮೀಟರ್ ಫೈಬರ್. ತಾಪಮಾನ 1 ಡಿಗ್ರಿ ಬದಲಾದರೆ ಅದರ ಆಪ್ಟಿಕಲ್ ಉದ್ದ ಒಂದು ತರಂಗಾಂತರಕ್ಕಿಂತ ಜಾಸ್ತಿ ಬದಲಾಗುತ್ತದೆ. ಫೇಸ್ ಪೂರ್ತಿ ಒಂದು ಸುತ್ತು ಹಾಕಿಬಿಟ್ಟಿತು ಅಂತ ಅರ್ಥ. ಫೇಸ್ 10 ಡಿಗ್ರಿ ಸರಿದರೆ ಶೇ. 0.8 ತಪ್ಪು ಸೇರುತ್ತದೆ. ಹಾಗಾಗಿ ಪೆಟ್ಟಿಗೆಗೆ ತಾಪಮಾನ ನಿಯಂತ್ರಣ ಬೇಕು, ಜೊತೆಗೆ ಫೇಸನ್ನು ಆಗಾಗ ಸರಿಮಾಡುವ ಫೀಡ್‌ಬ್ಯಾಕ್ ಬೇಕು. ಬರೀ ಒಂದು ಸಾಲದು.

ಪರೀಕ್ಷೆ: ಫೀಡ್‌ಬ್ಯಾಕ್ ಆನ್ ಇಟ್ಟು ಒಂದು ಇಡೀ ರಾತ್ರಿ ಬಿಡಿ. ಬೆಳಿಗ್ಗೆ ದಾಖಲೆ ತೆಗೆದರೆ ವಿಸಿಬಿಲಿಟಿ ಎಲ್ಲೂ ಶೇ. 97ಕ್ಕಿಂತ ಕೆಳಗೆ ಹೋಗಿರಬಾರದು.

## ಹಂತ 5: ಬೆಳಕನ್ನು ಮ್ಯೂಗೆ ಇಳಿಸಿ

ನಮ್ಮ ಲೇಸರ್ "ಒಂದೇ ಫೋಟಾನ್" ಕೊಡುವುದಿಲ್ಲ. ಮ್ಯೂ 0.5 ಇಟ್ಟರೆ ಪಲ್ಸ್‌ಗಳಲ್ಲಿ ಶೇ. 61 ಖಾಲಿ, ಶೇ. 30ರಲ್ಲಿ ಒಂದು ಫೋಟಾನ್, ಶೇ. 9ರಲ್ಲಿ ಎರಡು ಅಥವಾ ಜಾಸ್ತಿ. ಆ ಶೇ. 9ರಲ್ಲಿ ಈವ್ ಒಂದು ಫೋಟಾನ್ ಕದ್ದು ಇಟ್ಟುಕೊಂಡು ಇನ್ನೊಂದನ್ನು ಬಾಬ್‌ಗೆ ಬಿಡಬಹುದು. ಯಾವ ತಪ್ಪೂ ಕಾಣುವುದಿಲ್ಲ. ಇದಕ್ಕೆ ಮದ್ದು ಡೀಕಾಯ್: ಮಧ್ಯೆ ಮಧ್ಯೆ ಬೇರೆ ಮ್ಯೂ ಇರುವ ಪಲ್ಸ್‌ಗಳನ್ನು ರ್‍ಯಾಂಡಮ್ ಆಗಿ ಕಳಿಸಿ. ಉದಾಹರಣೆಗೆ 0.5, 0.1 ಮತ್ತು ಪೂರ್ತಿ ಖಾಲಿ. ಈವ್‌ಗೆ ಯಾವುದು ಯಾವುದೆಂದು ಗೊತ್ತಾಗದು. ಅವಳು ಫೋಟಾನ್ ಸಂಖ್ಯೆ ನೋಡಿ ಬೇರೆ ಬೇರೆ ರೀತಿ ವರ್ತಿಸಿದರೆ ಮೂರು ಗುಂಪಿನ ಕ್ಲಿಕ್ ದರದಲ್ಲಿ ಸಿಕ್ಕಿಬೀಳುತ್ತಾಳೆ. ಡೀಕಾಯ್ ಬೇಡ ಅಂದರೆ ಮ್ಯೂವನ್ನು ತುಂಬಾ ಕೆಳಗೆ ಇಳಿಸಬೇಕು, ಕೀ ದರ ನೆಲಕಚ್ಚುತ್ತದೆ. ನನ್ನ ಪ್ರಕಾರ ಈಗ ಡೀಕಾಯ್ ಇಲ್ಲದ ಲಿಂಕ್ ಕಟ್ಟುವುದರಲ್ಲಿ ಅರ್ಥವಿಲ್ಲ.

ಅಳೆಯುವುದು ಹೇಗೆ? 100 ಮೆಗಾಹರ್ಟ್ಸ್, ಮ್ಯೂ 0.5 ಅಂದರೆ ಸರಾಸರಿ ಬಲ 6.4 ಪಿಕೋವ್ಯಾಟ್, ಸುಮಾರು ಮೈನಸ್ 82 ಡಿಬಿಎಂ. ಸಾಮಾನ್ಯ ಪವರ್ ಮೀಟರ್ ಅಷ್ಟು ಕೆಳಗೆ ಓದುವುದಿಲ್ಲ. ಆದ್ದರಿಂದ ಅಟೆನ್ಯುಯೇಟರ್‌ಗಳನ್ನು ಒಂದೊಂದಾಗಿ ಜೋರು ಬೆಳಕಿನಲ್ಲಿ ಅಳೆದು ಬರೆದಿಡಿ. ಲೇಸರ್ ಬಲ ಮೈನಸ್ 10 ಡಿಬಿಎಂ ಇದ್ದರೆ ಒಟ್ಟು 72 ಡಿಬಿ ಬೇಕು. ಅಳತೆಯಲ್ಲಿ 1 ಡಿಬಿ ತಪ್ಪಾದರೆ 0.5 ಅಂದುಕೊಂಡ ಮ್ಯೂ ನಿಜಕ್ಕೂ 0.63 ಆಗಿರಬಹುದು. ಲಿಂಕ್ ಚೆನ್ನಾಗಿಯೇ ಓಡುತ್ತದೆ, ಕೀ ಮಾತ್ರ ನೀವು ಹೇಳಿಕೊಳ್ಳುವಷ್ಟು ಸುರಕ್ಷಿತ ಅಲ್ಲ. ಇಂಥ ದೋಷ ಯಾವ ಅಲಾರಂನಲ್ಲೂ ಬರುವುದಿಲ್ಲ.

ಸಾಮಾನ್ಯ ತಪ್ಪುಗಳು ಮೂರು. ಮ್ಯೂ ಲೆಕ್ಕ ಆಲಿಸ್‌ನ ಪೆಟ್ಟಿಗೆಯ ಹೊರಬಾಗಿಲಲ್ಲಿ ಇರಬೇಕು, ಬಾಬ್‌ನ ಹತ್ತಿರ ಅಲ್ಲ. ಎರಡನೆಯದು ಪಲ್ಸ್‌ಗಳ ನಡುವೆ ಸೋರುವ ಬೆಳಕು. 10 ನ್ಯಾನೋಸೆಕೆಂಡ್‌ಗೊಮ್ಮೆ 100 ಪಿಕೋಸೆಕೆಂಡ್ ಪಲ್ಸ್ ಕಳಿಸುವಾಗ ಎಕ್ಸ್‌ಟಿಂಕ್ಷನ್ (ಪಲ್ಸ್ ಇರುವಾಗಿನ ಮತ್ತು ಇಲ್ಲದಾಗಿನ ಬಲದ ಅನುಪಾತ) ಬರೀ 20 ಡಿಬಿ ಇದ್ದರೆ, ಪಲ್ಸ್‌ನಲ್ಲಿರುವಷ್ಟೇ ಶಕ್ತಿ ನಡುವಿನ ಖಾಲಿ ಜಾಗದಲ್ಲೂ ಇರುತ್ತದೆ. ಮೀಟರ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಮೂರನೆಯದು ಫೇಸ್. ಡೀಕಾಯ್ ಲೆಕ್ಕ ನಿಲ್ಲಬೇಕಾದರೆ ಪ್ರತಿ ಪಲ್ಸ್‌ನ ಒಟ್ಟು ಫೇಸ್ ರ್‍ಯಾಂಡಮ್ ಆಗಿರಬೇಕು. ಪ್ರತಿ ಸಲ ಪೂರ್ತಿ ಆರಿ ಹತ್ತುವ ಗೇನ್-ಸ್ವಿಚ್ಡ್ ಲೇಸರ್‌ನಲ್ಲಿ ಅದು ತಾನಾಗಿಯೇ ಆಗುತ್ತದೆ. ಸದಾ ಉರಿಯುವ ಲೇಸರ್‌ನಿಂದ ಪಲ್ಸ್ ಕತ್ತರಿಸಿದರೆ ಆಗುವುದಿಲ್ಲ, ಬೇರೆಯಾಗಿ ಮಾಡಬೇಕು.

## ಹಂತ 6: ಡಿಟೆಕ್ಟರ್ ಗುಣ ತಿಳಿದುಕೊಳ್ಳಿ

ಮೊದಲು ಮುಚ್ಚಳ ಹಾಕಿಯೇ ಡಾರ್ಕ್ ಕೌಂಟ್ ಅಳೆಯಿರಿ. ಮುಚ್ಚಳ ತೆಗೆದು ಫೈಬರ್ ಜೋಡಿಸಿ, ಲೇಸರ್ ಆಫ್ ಇಟ್ಟು ಮತ್ತೆ ಅಳೆಯಿರಿ. ಎರಡನೆಯದು ಜಾಸ್ತಿ ಬಂದರೆ ಎಲ್ಲಿಂದಲೋ ಬೆಳಕು ನುಗ್ಗುತ್ತಿದೆ. ಕೋಣೆಯ ದೀಪ ಆರಿಸಿ ನೋಡಿದರೆ ಅನೇಕ ಸಲ ಉತ್ತರ ಸಿಗುತ್ತದೆ.

ಆಮೇಲೆ ಆಫ್ಟರ್‌ಪಲ್ಸ್. ಒಂದು ಕ್ಲಿಕ್ ಆದ ಮೇಲೆ ಒಳಗೆ ಸಿಕ್ಕಿಕೊಂಡ ಚಾರ್ಜ್ ಬಿಡುಗಡೆಯಾಗಿ ಸುಳ್ಳು ಕ್ಲಿಕ್ ಬರುತ್ತದೆ. ಡೆಡ್ ಟೈಮ್ ಕಡಿಮೆ ಮಾಡಿ ವೇಗ ಹೆಚ್ಚಿಸಲು ಹೋದರೆ ಇದು ಏರುತ್ತದೆ. ಡಿಟೆಕ್ಟರನ್ನು ಇನ್ನೂ ತಣ್ಣಗೆ ಮಾಡಿದರೆ ಡಾರ್ಕ್ ಕೌಂಟ್ ಇಳಿಯುತ್ತದೆ, ಆದರೆ ಆಫ್ಟರ್‌ಪಲ್ಸ್ ಜಾಸ್ತಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಗೆಲ್ಲಲಾಗದು. ಸೂಪರ್‌ಕಂಡಕ್ಟಿಂಗ್ ನ್ಯಾನೋವೈರ್ ಡಿಟೆಕ್ಟರ್ ಈ ಎರಡು ತಲೆನೋವನ್ನೂ ಬಹಳ ಮಟ್ಟಿಗೆ ಕಳೆಯುತ್ತದೆ. ದಕ್ಷತೆ ಶೇ. 80 ದಾಟುತ್ತದೆ. ಬದಲಿಗೆ ಅದನ್ನು ಸುಮಾರು 3 ಕೆಲ್ವಿನ್‌ಗಿಂತ ಕೆಳಗೆ ಇಡುವ ಕ್ರಯೋಸ್ಟಾಟ್ ಸಾಕಬೇಕು.

ಎರಡೂ ಡಿಟೆಕ್ಟರ್‌ಗಳ ದಕ್ಷತೆ ಮತ್ತು ಗೇಟ್ ಸಮಯ ಒಂದೇ ಆಗಿವೆಯಾ ನೋಡಿ. ಒಂದು ಜಾಸ್ತಿ ಕ್ಲಿಕ್ ಆದರೆ ಕೀಯಲ್ಲಿ ಸೊನ್ನೆಗಳೋ ಒಂದುಗಳೋ ಹೆಚ್ಚಾಗುತ್ತವೆ. ಗೇಟ್‌ಗಳು ಹಿಂದೆ ಮುಂದೆ ಇದ್ದರೆ ಇನ್ನೂ ಕೆಟ್ಟದು. ಈವ್ ಪಲ್ಸನ್ನು ಚೂರು ಸರಿಸಿ ಯಾವ ಡಿಟೆಕ್ಟರ್ ಕ್ಲಿಕ್ ಆಗಬೇಕು ಎಂಬುದನ್ನು ತನ್ನ ಕಡೆಗೆ ವಾಲಿಸಬಹುದು.

## ಹಂತ 7: ಗಡಿಯಾರ ಹೊಂದಿಸಿ

ಬೆಳಕು ಫೈಬರ್‌ನಲ್ಲಿ ಒಂದು ಕಿಲೋಮೀಟರ್ ಹೋಗಲು ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. 50 ಕಿಲೋಮೀಟರ್‌ಗೆ 245 ಮೈಕ್ರೋಸೆಕೆಂಡ್. 10 ನ್ಯಾನೋಸೆಕೆಂಡ್‌ಗೊಂದು ಪಲ್ಸ್ ಅಂದರೆ ಯಾವ ಕ್ಷಣದಲ್ಲೂ ದಾರಿಯಲ್ಲಿ 24 ಸಾವಿರಕ್ಕೂ ಹೆಚ್ಚು ಪಲ್ಸ್‌ಗಳಿವೆ. ಬಾಬ್‌ನ ಒಂದು ಕ್ಲಿಕ್ ಆಲಿಸ್‌ನ ಎಷ್ಟನೇ ಪಲ್ಸ್‌ನದು? ಒಂದು ಎಣಿಕೆ ತಪ್ಪಿದರೂ ಎಲ್ಲ ಬಿಟ್ ರ್‍ಯಾಂಡಮ್.

ಎರಡು ಭಾಗ ಮಾಡಿಕೊಳ್ಳಿ. ಮೊದಲು ಇಬ್ಬರ ಗಡಿಯಾರದ ವೇಗ ಒಂದೇ ಆಗಲಿ. ಅದಕ್ಕೆ ಬೇರೆ ತರಂಗಾಂತರದಲ್ಲಿ ಅಥವಾ ಪಕ್ಕದ ಫೈಬರ್‌ನಲ್ಲಿ ಒಂದು ಸಿಂಕ್ ಸಿಗ್ನಲ್ ಕಳಿಸಿ. ಆಮೇಲೆ ಎಣಿಕೆ ಹೊಂದಿಸಿ: ಆಲಿಸ್ ಗೊತ್ತಿರುವ ಒಂದು ಮಾದರಿ ಕಳಿಸಲಿ, ಬಾಬ್‌ನ ಕ್ಲಿಕ್‌ಗಳ ಜೊತೆ ಕ್ರಾಸ್-ಕೋರಿಲೇಶನ್ ಮಾಡಿ. ಒಂದೇ ಒಂದು ಎತ್ತರದ ಶಿಖರ ಕಾಣಬೇಕು. ಎರಡು ಕಂಡರೆ ನಿಮ್ಮ ಮಾದರಿ ಗಿಡ್ಡದಾಗಿದೆ. ಹೊಂದಿಸಲು ಬಳಸಿದ ಬಿಟ್‌ಗಳನ್ನು ಕೀಗೆ ಸೇರಿಸಬೇಡಿ.

ತಾಪಮಾನ ಇಲ್ಲೂ ಬಿಡುವುದಿಲ್ಲ. ಫೈಬರ್ 1 ಡಿಗ್ರಿ ಬಿಸಿಯಾದರೆ ಕಿಲೋಮೀಟರ್‌ಗೆ ಸುಮಾರು 40 ಪಿಕೋಸೆಕೆಂಡ್ ತಡ. 50 ಕಿಲೋಮೀಟರ್‌ಗೆ 2 ನ್ಯಾನೋಸೆಕೆಂಡ್. ಗೇಟ್ ಅಗಲ 1 ನ್ಯಾನೋಸೆಕೆಂಡ್ ಇದ್ದರೆ ಪಲ್ಸ್ ಗೇಟ್‌ನಿಂದಲೇ ಹೊರಗೆ. ಬೆಳಿಗ್ಗೆ ಚೆನ್ನಾಗಿದ್ದ ಲಿಂಕ್ ಮಧ್ಯಾಹ್ನ ಸತ್ತಂತಾದರೆ ಮೊದಲು ಇದನ್ನೇ ನೋಡಿ. ಗೇಟ್ ತಾನಾಗಿಯೇ ಪಲ್ಸನ್ನು ಹಿಂಬಾಲಿಸುವಂತೆ ಮಾಡಿ.

## ಹಂತ 8: ಮೊದಲ ಓಟ, ತಪ್ಪು ಓದುವುದು

ಮೊದಲು ಚಿಕ್ಕ ಫೈಬರ್ ಮತ್ತು ಅಟೆನ್ಯುಯೇಟರ್ ಇಟ್ಟು ಮೇಜಿನ ಮೇಲೆ ಓಡಿಸಿ. ಆಮೇಲೆ ಸುರುಳಿ, ಕೊನೆಗೆ ನಿಜವಾದ ದಾರಿ. ಈ ಹಂತದಲ್ಲಿ ಎರಡೂ ಕಡೆಯ ಬಿಟ್‌ಗಳನ್ನು ಪೂರ್ತಿ ಬಹಿರಂಗಪಡಿಸಿ ಹೋಲಿಸಿ, ಕೀ ಇನ್ನೂ ಬೇಕಿಲ್ಲವಲ್ಲ. ಒಟ್ಟು ತಪ್ಪನ್ನು ನೋಡಿ ಸುಮ್ಮನಾಗಬೇಡಿ. ಪ್ರತಿ ಬೇಸಿಸ್‌ಗೆ, ಪ್ರತಿ ಬಿಟ್‌ಗೆ, ಪ್ರತಿ ಡಿಟೆಕ್ಟರ್‌ಗೆ ಬೇರೆ ಬೇರೆ ಲೆಕ್ಕ ತೆಗೆಯಿರಿ.

ಸುಮಾರು ಶೇ. 50 ಬಂದರೆ ಎಣಿಕೆ ಸರಿದಿದೆ. ಶೇ. 100ರ ಹತ್ತಿರ ಬಂದರೆ ಸಂತೋಷಪಡಿ! ಸೊನ್ನೆ ಮತ್ತು ಒಂದು ಅದಲುಬದಲಾಗಿವೆ ಅಷ್ಟೆ, ಡಿಟೆಕ್ಟರ್ ಕೇಬಲ್ ಬದಲಿಸಿ. ಶೇ. 25 ಬಂದರೆ ಈವ್‌ಳನ್ನು ದೂರಬೇಡಿ. ಒಂದು ಬೇಸಿಸ್ ಸರಿಯಾಗಿದ್ದು ಇನ್ನೊಂದು ಪೂರ್ತಿ ಕೆಟ್ಟಿರಬಹುದು, ಮಾಡ್ಯುಲೇಟರ್ ವೋಲ್ಟೇಜ್ ನೋಡಿ. ಅಥವಾ ಹಂತ 2ರಲ್ಲಿ ಹೇಳಿದಂತೆ ಬೇಸಿಸ್ ಬೇರೆ ಮಾಡುವುದೇ ಬಿಟ್ಟುಹೋಗಿರಬಹುದು.

ತಪ್ಪು ನಿಮಿಷಗಳಲ್ಲಿ ಅಲೆಯಂತೆ ಏರಿಳಿದರೆ ಅದು ಫೇಸ್ ಅಲೆದಾಟ. ಚೆನ್ನಾಗಿ ಓಡುತ್ತಾ ಇದ್ದಕ್ಕಿದ್ದಂತೆ 50ಕ್ಕೆ ಹಾರಿದರೆ ಎಣಿಕೆಯಲ್ಲಿ ಒಂದು ಜಾರಿದೆ. ಹಿಂದಿನ ಕ್ಲಿಕ್ ಆದ ಸ್ವಲ್ಪ ಹೊತ್ತಿನಲ್ಲೇ ತಪ್ಪುಗಳು ಗುಂಪಾಗಿದ್ದರೆ ಆಫ್ಟರ್‌ಪಲ್ಸ್. ಅಟೆನ್ಯುಯೇಶನ್ ಹೆಚ್ಚಿಸಿದಂತೆ ತಪ್ಪೂ ಹೆಚ್ಚಾದರೆ ಡಾರ್ಕ್ ಕೌಂಟ್ ಅಥವಾ ನುಗ್ಗುವ ಬೆಳಕು. ಹೆಚ್ಚಿಸಿದರೂ ತಪ್ಪು ಬದಲಾಗದಿದ್ದರೆ ದೋಷ ಆಪ್ಟಿಕ್ಸ್‌ನದು, ಹಂತ 4ಕ್ಕೆ ಹಿಂತಿರುಗಿ.

## ಹಂತ 9: ಕಚ್ಚಾ ಬಿಟ್‌ನಿಂದ ಕೀ ತನಕ

ಕ್ರಮ ಹೀಗೆ: ಬೇಸಿಸ್ ಹೋಲಿಕೆ, ತಪ್ಪಿನ ಅಂದಾಜು, ತಪ್ಪು ತಿದ್ದುವುದು, ತಿದ್ದಿದ್ದು ಸರಿಯೇ ಎಂದು ಹ್ಯಾಶ್‌ನಿಂದ ಖಚಿತಪಡಿಸುವುದು, ಕೊನೆಗೆ ಪ್ರೈವಸಿ ಆಂಪ್ಲಿಫಿಕೇಶನ್ (ಈವ್‌ಗೆ ಗೊತ್ತಿರಬಹುದಾದದ್ದು ಉಳಿಯದಂತೆ ಕೀಯನ್ನು ಚಿಕ್ಕದು ಮಾಡುವುದು). ಇದನ್ನು ಹಿಂದೆ ಮುಂದೆ ಮಾಡುವಂತಿಲ್ಲ.

ತಪ್ಪು ತಿದ್ದಲು ಕ್ಯಾಸ್ಕೇಡ್ ಅಥವಾ ಎಲ್‌ಡಿಪಿಸಿ. ಕ್ಯಾಸ್ಕೇಡ್ ಬರೆಯುವುದು ಸುಲಭ, ಆದರೆ ಆಲಿಸ್ ಮತ್ತು ಬಾಬ್ ಬಹಳ ಸಲ ಮಾತಾಡಬೇಕು. ನೆಟ್‌ವರ್ಕ್ ತಡವಿದ್ದರೆ ನಿಧಾನ. ಎಲ್‌ಡಿಪಿಸಿ ಒಂದೇ ಸಂದೇಶದಲ್ಲಿ ಮುಗಿಯುತ್ತದೆ, ಬದಲಿಗೆ ತಪ್ಪಿನ ಪ್ರಮಾಣಕ್ಕೆ ತಕ್ಕ ಕೋಡ್ ದರ ಆರಿಸಬೇಕು. ಮೊದಲು ಕ್ಯಾಸ್ಕೇಡ್ ಬರೆಯಿರಿ, ಸರಿಯಾದ ಮೇಲೆ ಎಲ್‌ಡಿಪಿಸಿಗೆ ಹೋಗಿ.

ಈಗ ಲೆಕ್ಕ. 10 ಲಕ್ಷ ಬಿಟ್‌ನ ಒಂದು ಬ್ಲಾಕ್, ತಪ್ಪು ಶೇ. 3. ತಿದ್ದುವಾಗ ಬಹಿರಂಗವಾಗುವ ಮಾಹಿತಿ, ಸೈದ್ಧಾಂತಿಕ ಮಿತಿಗಿಂತ ಶೇ. 15 ಜಾಸ್ತಿ ಹಿಡಿದರೆ, ಸುಮಾರು 2.24 ಲಕ್ಷ ಬಿಟ್. ಮ್ಯೂ 0.5 ಇರುವಾಗ ಒಂದೇ ಫೋಟಾನ್‌ನಿಂದ ಬಂದ ಕ್ಲಿಕ್ ಸುಮಾರು 6.07 ಲಕ್ಷ ಮಾತ್ರ. ಉಳಿದವನ್ನು ಈವ್‌ಗೆ ಗೊತ್ತಿದೆ ಎಂದೇ ಭಾವಿಸಬೇಕು. ಆ 6.07 ಲಕ್ಷದಲ್ಲೂ ಶೇ. 3 ತಪ್ಪಿಗೆ ತಕ್ಕಂತೆ ಈವ್‌ಳ ಪಾಲು ಕಳೆದರೆ 4.89 ಲಕ್ಷ. ಅದರಿಂದ 2.24 ಲಕ್ಷ ಕಳೆಯಿರಿ. ಉಳಿಯುವ ಕೀ ಸುಮಾರು 2.65 ಲಕ್ಷ ಬಿಟ್. ಬ್ಲಾಕ್ ಸೀಮಿತ ಗಾತ್ರದ್ದು ಎಂಬ ಕಾರಣಕ್ಕೆ ಇನ್ನೂ ಸ್ವಲ್ಪ ಕಡಿತ ಇದೆ. ಬ್ಲಾಕ್ ಚಿಕ್ಕದಾದಷ್ಟೂ ಆ ಕಡಿತ ಜಾಸ್ತಿ. ಕೆಲವು ಸಾವಿರ ಬಿಟ್‌ನ ಬ್ಲಾಕ್‌ನಿಂದ ಕೀ ತೆಗೆಯಲು ಹೋದರೆ ಏನೂ ಉಳಿಯದೆ ಇರಬಹುದು.

ಇದರಲ್ಲೇ ಇನ್ನೊಂದು ತಪ್ಪು ತಿಳುವಳಿಕೆಗೂ ಉತ್ತರವಿದೆ. "ತಪ್ಪು ಶೇ. 11ರ ಒಳಗಿದ್ದರೆ ಸಾಕು" ಎಂದು ಎಲ್ಲ ಕಡೆ ಓದಿರುತ್ತೀರಿ. ಅದು ನಿಜವಾದ ಒಂಟಿ ಫೋಟಾನ್ ಮೂಲ ಮತ್ತು ಪರಿಪೂರ್ಣ ತಿದ್ದುವಿಕೆಗೆ. ಮೇಲಿನ ಲೆಕ್ಕದಲ್ಲಿ ಸುಮಾರು ಶೇ. 6.5ಕ್ಕೇ ಕೀ ಸೊನ್ನೆಯಾಗುತ್ತದೆ. ಹಂತ 1ರ 150 ಕಿಲೋಮೀಟರ್ ಲಿಂಕ್‌ನಲ್ಲಿ ಡಾರ್ಕ್ ಕೌಂಟ್‌ನ 3.7ಕ್ಕೆ ಆಪ್ಟಿಕ್ಸ್‌ನ 1.5 ಸೇರಿದರೆ ಆಗಲೇ ಶೇ. 5 ದಾಟಿತು, ಉಸಿರಾಡಲು ಜಾಗ ಕಡಿಮೆ.

ಪ್ರೈವಸಿ ಆಂಪ್ಲಿಫಿಕೇಶನ್‌ಗೆ ಟೋಪ್ಲಿಟ್ಜ್ ಮ್ಯಾಟ್ರಿಕ್ಸ್ (ಪ್ರತಿ ಕರ್ಣದ ಉದ್ದಕ್ಕೂ ಒಂದೇ ಮೌಲ್ಯ ಇರುವುದು) ಬಳಸಿ. 10 ಲಕ್ಷ ಗಾತ್ರದ ಗುಣಾಕಾರವನ್ನು ನೇರ ಮಾಡಬೇಡಿ, ಎಫ್‌ಎಫ್‌ಟಿ ಮೂಲಕ ಮಾಡಿದರೆ ಕ್ಷಣದಲ್ಲಿ ಮುಗಿಯುತ್ತದೆ. ಬೇಸಿಸ್, ಬಿಟ್, ಡೀಕಾಯ್ ಆಯ್ಕೆ, ಮ್ಯಾಟ್ರಿಕ್ಸ್‌ನ ಬೀಜ (ಸೀಡ್) ಎಲ್ಲವೂ ಹಾರ್ಡ್‌ವೇರ್ ಜನರೇಟರ್‌ನಿಂದಲೇ ಬರಲಿ. ಸಿಮ್ಯುಲೇಶನ್‌ನಲ್ಲಿ ಇಟ್ಟ ಸೀಡ್ ಹಾಗೇ ಉಳಿದುಬಿಟ್ಟರೆ ಲಿಂಕ್ ಚೆನ್ನಾಗಿ ಓಡುತ್ತದೆ, ಸುರಕ್ಷತೆ ಮಾತ್ರ ಸೊನ್ನೆ.

ಈ ಎಲ್ಲ ಮಾತುಕತೆ ಸಾಮಾನ್ಯ ನೆಟ್‌ವರ್ಕ್‌ನಲ್ಲಿ ನಡೆಯುತ್ತದೆ. ಯಾರು ಬೇಕಾದರೂ ಕೇಳಲಿ, ಆದರೆ ಬದಲಿಸಬಾರದು. ಪ್ರತಿ ಸಂದೇಶಕ್ಕೂ ವೆಗ್ಮನ್-ಕಾರ್ಟರ್ ವಿಧಾನದ ಮುದ್ರೆ ಬೇಕು. ಅದಕ್ಕೆ ಮೊದಲೇ ಇಬ್ಬರ ಬಳಿ ಒಂದು ಚಿಕ್ಕ ಗುಪ್ತ ಕೀ ಇರಲೇಬೇಕು, ಆಮೇಲೆ ಹೊಸ ಕೀಯಿಂದ ತುಂಬಿಕೊಳ್ಳುತ್ತಾ ಹೋಗಬಹುದು. "ಆಮೇಲೆ ಹಾಕೋಣ" ಎಂದು ಇದನ್ನು ಬಿಟ್ಟರೆ ಈವ್ ನಡುವೆ ಕೂತು ಇಬ್ಬರ ಜೊತೆಗೂ ಬೇರೆ ಬೇರೆ ಕೀ ಮಾಡಿಕೊಳ್ಳುತ್ತಾಳೆ. ತಪ್ಪಿನ ಪ್ರಮಾಣ ಮಾತ್ರ ಸುಂದರವಾಗಿ ಕಾಣುತ್ತದೆ.

## ಹಂತ 10: ಪೆಟ್ಟಿಗೆಯ ತೂತುಗಳನ್ನು ಮುಚ್ಚಿ

ಗಣಿತದ ಸಾಬೀತು ಕಾಗದದ ಮೇಲಿನ ಉಪಕರಣಕ್ಕೆ, ನಿಮ್ಮ ಮೇಜಿನ ಮೇಲಿನದಕ್ಕಲ್ಲ. ಆಲಿಸ್‌ನ ಪೆಟ್ಟಿಗೆಗೆ ಈವ್ ಹೊರಗಿನಿಂದ ಜೋರು ಬೆಳಕು ಬಿಟ್ಟು, ಮಾಡ್ಯುಲೇಟರ್‌ನಿಂದ ಹಿಂತಿರುಗಿದ ಪ್ರತಿಫಲನ ಓದಬಹುದು. ಐಸೊಲೇಟರ್ ಮತ್ತು ಫಿಲ್ಟರ್ ಹಾಕಿ. ಬಾಬ್‌ನ ಡಿಟೆಕ್ಟರ್‌ಗೆ ನಿರಂತರ ಜೋರು ಬೆಳಕು ಸುರಿದು ಅದನ್ನು ಕುರುಡು ಮಾಡಿ, ತನಗೆ ಬೇಕಾದಾಗ ಕ್ಲಿಕ್ ಬರಿಸಬಹುದು. ಒಳಬರುವ ಬಲ ಮತ್ತು ಡಿಟೆಕ್ಟರ್‌ನ ಫೋಟೋಕರೆಂಟ್ ಸದಾ ನೋಡುತ್ತಿರಿ. ಎರಡೂ ಡಿಟೆಕ್ಟರ್ ಒಟ್ಟಿಗೆ ಕ್ಲಿಕ್ ಆದಾಗ ಆ ಪಲ್ಸನ್ನು ಬಿಸಾಡಬೇಡಿ, ರ್‍ಯಾಂಡಮ್ ಬಿಟ್ ಕೊಡಿ. ಬಿಸಾಡುವುದನ್ನು ಸಾಬೀತು ಒಪ್ಪುವುದಿಲ್ಲ.

ಎಚ್ಚರಿಕೆಯ ಲಕ್ಷಣ: ಕ್ಲಿಕ್ ದರ ಬಜೆಟ್‌ಗಿಂತ ಜಾಸ್ತಿ ಬಂದರೆ ಅದು ಒಳ್ಳೆಯ ಸುದ್ದಿ ಅಲ್ಲ. ಕಾರಣ ಸಿಗುವ ತನಕ ಕೀ ಬಳಸಬೇಡಿ.

## ಹಂತ 11: ಕೀಯನ್ನು ಕೆಲಸಕ್ಕೆ ಹಚ್ಚಿ

50 ಕಿಲೋಮೀಟರ್ ಉದಾಹರಣೆಯಲ್ಲಿ ಸೆಕೆಂಡಿಗೆ 55 ಸಾವಿರ ಬಿಟ್ ಬರುತ್ತಿತ್ತಲ್ವಾ, ಶೇ. 3 ತಪ್ಪಿದ್ದರೆ ಅದರಿಂದ ಕೊನೆಗೆ ಸಿಗುವುದು ಹೆಚ್ಚೆಂದರೆ ಸುಮಾರು 14.6 ಕಿಲೋಬಿಟ್. ವನ್-ಟೈಮ್ ಪ್ಯಾಡ್‌ಗೆ ಡೇಟಾದಷ್ಟೇ ಕೀ ಬೇಕು, ಹಾಗಾಗಿ ಅದನ್ನು ತೀರಾ ಮುಖ್ಯವಾದ ಚಿಕ್ಕ ಸಂದೇಶಗಳಿಗೆ ಮೀಸಲಿಡಿ. ಉಳಿದದ್ದಕ್ಕೆ ಎಇಎಸ್-256 ಬಳಸಿ, ಕೀಯನ್ನು ಆಗಾಗ ಬದಲಿಸಿ. ನಿಮಿಷಕ್ಕೊಮ್ಮೆ ಬದಲಿಸಿದರೂ 256 ಬಿಟ್ ಮಾತ್ರ ಖರ್ಚು.

ಅಪ್ಲಿಕೇಶನ್‌ಗಳಿಗೆ ಕೀ ಕೊಡುವ ಇಂಟರ್‌ಫೇಸನ್ನು ನೀವೇ ಕಂಡುಹಿಡಿಯಬೇಡಿ. ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಎಟ್ಸಿಯ ಕ್ಯೂಕೆಡಿ 014 ಮಾನದಂಡ ಇದಕ್ಕೆಂದೇ ಇದೆ. ಒಂದು ಕಡೆಯ ಅಪ್ಲಿಕೇಶನ್ ಕೀ ಮತ್ತು ಅದರ ಗುರುತು ಸಂಖ್ಯೆ ಪಡೆಯುತ್ತದೆ, ಆ ಸಂಖ್ಯೆಯನ್ನು ಇನ್ನೊಂದು ಕಡೆಗೆ ಕಳಿಸುತ್ತದೆ, ಅದು ತನ್ನ ಪೆಟ್ಟಿಗೆಯಿಂದ ಅದೇ ಕೀ ತೆಗೆದುಕೊಳ್ಳುತ್ತದೆ. ಕೊಟ್ಟ ಕೀಯನ್ನು ಸಂಗ್ರಹದಿಂದ ಅಳಿಸಿಹಾಕಿ. ದೂರ ಜಾಸ್ತಿ ಇದ್ದರೆ ನಡುವೆ ಟ್ರಸ್ಟೆಡ್ ನೋಡ್ ಇಟ್ಟು ಕೀಯನ್ನು ದಾಟಿಸಬಹುದು. ಆದರೆ ಆ ನೋಡ್‌ಗೆ ಕೀ ಗೊತ್ತಿರುತ್ತದೆ. ಆ ಕೋಣೆಯ ಬೀಗ ಯಾರ ಕೈಲಿದೆ ಎಂಬುದೂ ನಿಮ್ಮ ಭದ್ರತಾ ಲೆಕ್ಕದೊಳಗೆ ಬರಬೇಕು.

ಕೀ ಸಂಗ್ರಹ ಖಾಲಿಯಾದಾಗ ಏನಾಗುತ್ತದೆ ಎಂದು ಮೊದಲೇ ತೀರ್ಮಾನಿಸಿ, ಫೈಬರ್ ಬಿಚ್ಚಿ ಒಮ್ಮೆ ನಿಜಕ್ಕೂ ಪರೀಕ್ಷಿಸಿ. ಹಳೆಯ ಕೀಯನ್ನೇ ಸದ್ದಿಲ್ಲದೆ ಮತ್ತೆ ಬಳಸುವ ಅಥವಾ ಯಾರಿಗೂ ತಿಳಿಸದೆ ಸಾಮಾನ್ಯ ಗೂಢಲಿಪಿಗೆ ಜಾರುವ ವ್ಯವಸ್ಥೆಯನ್ನು ಸೇವೆಗೆ ಬಿಡಬೇಡಿ. ಸಂಪರ್ಕ ನಿಲ್ಲಲಿ, ಅಲಾರಂ ಕೂಗಲಿ, ಮುಂದೇನು ಎಂಬುದನ್ನು ಜವಾಬ್ದಾರಿ ಇರುವವರು ನಿರ್ಧರಿಸಲಿ.